ಬಿಚ್ಚಲು ಬರುವ ಬೂಟು

ಚಿಕ್ಕಮ್ಮನ ಮಗಳ ಮದುವೆಗೆಂದು ಕಪಾಟಿನಿಂದ ತೆಗೆದ ಬೂಟು ಛತ್ರದ ಮೆಟ್ಟಿಲು ಹತ್ತುವಾಗಲೇ ಕೈಕೊಟ್ಟಿತು. ಮೇಲಿನ ಚರ್ಮಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕೆಳಗಿನ ಅಟ್ಟೆ ಮಾತ್ರ ಒಣಗಿದ ರವೆಉಂಡೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಕೊಂಡು ನಾಲ್ಕು ವರ್ಷ, ಹಾಕಿದ್ದು ಹತ್ತು ಸಲವೂ ಇಲ್ಲ. ಮರುದಿನ ನಮ್ಮ ಬೀದಿಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಯಜಮಾನರ ಹತ್ತಿರ ಒಯ್ದೆ. ಅವರು ಬೂಟನ್ನು ಮಗುಚಿ, ಹೆಬ್ಬೆರಳಿನಿಂದ ಅಂಚನ್ನು ಒತ್ತಿ ನೋಡಿ ಪಕ್ಕಕ್ಕಿಟ್ಟರು. "ಏನೂ ಮಾಡಕ್ಕಾಗಲ್ಲ ಸಾರ್. ಹೊಲಿಯೋಣ ಅಂದ್ರೆ ಹಿಡ್ಕೊಳ್ಳಕ್ಕೆ ಏನಿದೆ ಇದ್ರಲ್ಲಿ?"

ಅಂದಿನಿಂದ ಬೂಟು ನೋಡುವಾಗಲೆಲ್ಲ ನಾನು ಕೇಳಿಕೊಳ್ಳುವುದು ಈ ಪ್ರಶ್ನೆಯನ್ನೇ. ಹೊಳಪು, ಹೆಸರು, ಬೆಲೆ ಎಲ್ಲ ಆಮೇಲೆ. ಉದುರಿದ ಆ ಅಟ್ಟೆ ಪಾಲಿಯುರೆಥೇನಿನದು. ಗಾಳಿಯ ತೇವ ಅದರ ಒಳಗಿನ ಬಂಧಗಳನ್ನು ನಿಧಾನವಾಗಿ ಬಿಡಿಸುತ್ತದೆ. ಹಾಕದೆ ಡಬ್ಬಿಯಲ್ಲಿಟ್ಟರೂ ಈ ಕೆಲಸ ನಿಲ್ಲುವುದಿಲ್ಲ. ಆಷಾಢದ ತೇವದಲ್ಲಿ ಬಟ್ಟೆಯೇ ಮುಗ್ಗುವ ಊರುಗಳಲ್ಲಿ ಇಂಥ ಅಟ್ಟೆಯನ್ನು ಅಂಟಿಸಿ, ಅದರ ಮೇಲೆ ಒಳ್ಳೆಯ ಚರ್ಮ ಕೂರಿಸಿ ಮಾರುವುದು ಚರ್ಮಕ್ಕೂ ಕೊಂಡವನಿಗೂ ಮಾಡುವ ಅನ್ಯಾಯ.

ಇದಕ್ಕೆ ಎದುರಾಗಿ ಎಲ್ಲರೂ ಹೊಗಳುವುದು ಗುಡ್‌ಇಯರ್ ವೆಲ್ಟ್ ಹೊಲಿಗೆಯನ್ನು. ರಬ್ಬರ್ ಹದಮಾಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ, ಅದೇ ಹೆಸರಿನವರು, 1870ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ತಂದ ಯಂತ್ರದ ಹೊಲಿಗೆ ಅದು. ಬೂಟಿನ ಸುತ್ತ ವೆಲ್ಟ್ ಎಂಬ ಚರ್ಮದ ಒಂದು ಪಟ್ಟಿ ಓಡುತ್ತದೆ. ಮೇಲ್ಚರ್ಮ ಮತ್ತು ಒಳ ಅಟ್ಟೆ ಒಂದು ಹೊಲಿಗೆಯಿಂದ ಆ ಪಟ್ಟಿಗೆ ಸೇರುತ್ತವೆ. ಹೊರ ಅಟ್ಟೆ ಇನ್ನೊಂದು ಹೊಲಿಗೆಯಿಂದ ಅದೇ ಪಟ್ಟಿಗೆ. ಹೊರ ಅಟ್ಟೆ ಸವೆದರೆ ಎರಡನೆಯ ಹೊಲಿಗೆಯನ್ನಷ್ಟೇ ಕೊಯ್ದರಾಯಿತು, ಕಾಲಿಗೆ ಹೊಂದಿಕೊಂಡ ಮೇಲ್ಭಾಗವನ್ನು ಮುಟ್ಟಬೇಕಿಲ್ಲ. ಅದಕ್ಕೂ ಮೊದಲು, 1858ರಲ್ಲಿ, ಲೈಮನ್ ಬ್ಲೇಕ್ ಪೇಟೆಂಟ್ ಪಡೆದ ಯಂತ್ರ ಒಳಗಿನಿಂದ ಹೊರಗಿನವರೆಗೆ ಒಂದೇ ಹೊಲಿಗೆ ಹಾಕುತ್ತಿತ್ತು. ಆ ಬಗೆಯ ಬೂಟು ಹಗುರ, ಬಾಗುವುದೂ ಚೆನ್ನ. ಆದರೆ ಮತ್ತೆ ಹೊಲಿಯಲು ಅದೇ ಬಗೆಯ ಯಂತ್ರ ಬೇಕು, ಮಳೆನೀರಿಗೆ ಸೂಜಿಯ ತೂತೇ ದಾರಿ. ನಮ್ಮ ಮಳೆಗಾಲಕ್ಕೆ ನನ್ನ ಮತ ಪಟ್ಟಿಯ ಹೊಲಿಗೆಗೇ.

ಹಾಗೆಂದು ವೆಲ್ಟ್ ಎಂದು ಬರೆದ ಮಾತ್ರಕ್ಕೆ ನಂಬಿಬಿಡಬಾರದು. ಮೇಲೆ ಚೆಂದದ ಹೊಲಿಗೆ ಕಾಣುವ ಪಟ್ಟಿಯನ್ನು ಬರಿದೇ ಅಂಟಿಸಿ ಮಾರುವುದುಂಟು. ಬೂಟನ್ನು ಮಗುಚಿ, ಮೇಲಿನ ದಾರ ಕೆಳಗಿನ ತೋಡಿನಲ್ಲೂ ಇದೆಯೇ ನೋಡಬೇಕು. ಒಳ್ಳೆಯ ಕೆಲಸಗಾರರು ಚರ್ಮದ ಅಟ್ಟೆಯಲ್ಲಿ ಆ ತೋಡನ್ನು ಮುಚ್ಚಿರುತ್ತಾರೆ. ಆಗ ಅಂಗಡಿಯವರನ್ನು ಬಿಡದೆ ಕೇಳಬೇಕು. ಇನ್ನೊಂದು ಮಾತನ್ನು ಹೊಗಳುವವರು ಹೇಳುವುದೇ ಕಡಿಮೆ. ಯಂತ್ರದ ವೆಲ್ಟ್‌ನಲ್ಲಿ ಮೊದಲ ಹೊಲಿಗೆ ಹಿಡಿದುಕೊಂಡಿರುವುದು ಒಳ ಅಟ್ಟೆಗೆ ಅಂಟಿಸಿದ ಕ್ಯಾನ್ವಾಸ್ ಏಣನ್ನು. ಇಡೀ ಬೂಟಿನ ಗಟ್ಟಿತನ ಕೊನೆಗೆ ಆ ಅಂಟಿನ ಮೇಲೆಯೇ ನಿಂತಿದೆ. ಕೈಯಲ್ಲಿ ಹೊಲಿಯುವವರು ದಪ್ಪ ಒಳ ಅಟ್ಟೆಯ ಚರ್ಮದಲ್ಲೇ ಏಣನ್ನು ಕೊರೆದು ಅದಕ್ಕೆ ದಾರ ಹಾಕುತ್ತಾರೆ. ಆ ಹಿಡಿತಕ್ಕೆ ಸಾಟಿಯಿಲ್ಲ. ಒಳ ಅಟ್ಟೆ ಚರ್ಮದ್ದಾಗಿರದೆ ರಟ್ಟಿನಂಥ ಹಾಳೆಯಾಗಿದ್ದರೆ ಎರಡನೆಯ ಸಲ ಅಟ್ಟೆ ಹಾಕಿಸುವ ಹೊತ್ತಿಗೆ ಅದು ಸೀಳಿಹೋಗಬಹುದು, ಹೊಲಿಗೆಗೆ ಎಂಥ ಹೆಸರಿದ್ದರೂ ಅಷ್ಟೆ.

ಅಳತೆಯ ವಿಷಯದಲ್ಲಿ ನಮ್ಮ ಅಂಗಡಿಗಳು ಇನ್ನೂ ಹಿಂದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆದು, ನಮ್ಮ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಕಂಡುಕೊಂಡು, 'ಭಾ' ಎಂಬ ಹೊಸ ಅಳತೆ ಕ್ರಮವನ್ನು ಸೂಚಿಸಿದೆ. ಅಂಗಡಿಯಲ್ಲಿ ಮಾತ್ರ ಈಗಲೂ ಉದ್ದಕ್ಕೊಂದು ನಂಬರು, ಅಗಲಕ್ಕೆ ಏನೂ ಇಲ್ಲ. ಬಿಗಿಯಾಯಿತು ಎಂದರೆ "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅನ್ನುತ್ತಾರೆ. ಚರ್ಮ ಅಗಲಕ್ಕೆ ಒಂದಿಷ್ಟು ಬಿಟ್ಟುಕೊಡುತ್ತದೆ, ನಿಜ. ಉದ್ದಕ್ಕೆ ಎಂದೂ ಬಿಟ್ಟುಕೊಡದು. ಸಂಜೆ, ಪಾದ ತುಸು ಊದಿಕೊಂಡ ಹೊತ್ತಿಗೆ ಹೋಗಿ, ಎರಡೂ ಕಾಲಿಗೆ ಹಾಕಿ ನಡೆದು ನೋಡಿ ಕೊಳ್ಳಬೇಕು.

ನನ್ನ ಇನ್ನೊಂದು ಜೋಡಿಗೆ ಒಂಬತ್ತು ವರ್ಷ. ಹೋದ ವರ್ಷ ಅದೇ ಯಜಮಾನರು ಅದಕ್ಕೆ ಎರಡನೆಯ ಸಲ ಅಟ್ಟೆ ಹಾಕಿದರು. ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದೆ. ಹಿಮ್ಮಡಿಯ ಮೊಳೆ ಕಿತ್ತು, ರಂಪಿಗೆಯ ಬಾಯನ್ನು ಪಟ್ಟಿಗೂ ಅಟ್ಟೆಗೂ ನಡುವೆ ತೂರಿಸಿ ದಾರವನ್ನು ಒಂದೊಂದಾಗಿ ಕೊಯ್ದರು. ಅಟ್ಟೆ ಕಳಚಿದಾಗ ಒಳಗೆ ತುಂಬಿದ್ದ ಬೆಂಡಿನಲ್ಲಿ ನನ್ನ ಹೆಜ್ಜೆ ಅಚ್ಚೊತ್ತಿತ್ತು, ಹೆಬ್ಬೆರಳಿನ ಬುಡದಲ್ಲಿ ಆಳವಾಗಿ, ಹೊರ ಅಂಚಿನಲ್ಲಿ ತೆಳುವಾಗಿ. ಹಳೆಯ ಬೆಂಡನ್ನು ಕೆರೆದು ಹೊಸದು ತುಂಬಿದರು. ನೆನೆಹಾಕಿದ್ದ ಅಟ್ಟೆಯ ಚರ್ಮವನ್ನು ಕಲ್ಲಿನ ಮೇಲಿಟ್ಟು ಬಡಿದರು. ಬಡಿದಷ್ಟೂ ಅದರ ಎಳೆ ಒತ್ತೊತ್ತಾಗಿ ಸವೆತವನ್ನು ತಡೆಯುತ್ತದಂತೆ. ಆಮೇಲೆ ಮೇಣ ಸವರಿದ ದಾರ, ಎರಡು ಸೂಜಿ. ಉಳಿಯ ಮೊನೆ ಪಟ್ಟಿಯ ಹಳೆಯ ತೂತುಗಳನ್ನೇ ಹುಡುಕಿ ಇಳಿಯುತ್ತಿತ್ತು. ಹೊಸ ತೂತು ಬಿದ್ದಷ್ಟೂ ಪಟ್ಟಿ ಸೋಲುತ್ತದೆ ಎಂಬುದನ್ನು ಅವರ ಕೈ ಬಲ್ಲದು. ಯಂತ್ರ ಹೊಲಿದದ್ದನ್ನು ಯಂತ್ರಕ್ಕಿಂತ ಎಚ್ಚರದಿಂದ ಈ ಕೈ ಹೊಲಿಯಿತು. ಖರ್ಚು ಹೊಸ ಜೋಡಿಯ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಅಷ್ಟು ಕಡಿಮೆ ಆಗಬಾರದಿತ್ತು ಎಂದೇ ನನ್ನ ಅನಿಸಿಕೆ.

ಬಿಚ್ಚಿ ಹೊಲಿಯಲು ಬರುವ ಪಾದರಕ್ಷೆ ನಮಗೆ ಹೊಸದೇನಲ್ಲ. ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಜೋಡಿ ತಯಾರಾಗುವುದು ಅಥಣಿ, ನಿಪ್ಪಾಣಿ ಸುತ್ತಿನಲ್ಲಿ. ಅದರ ಭೌಗೋಳಿಕ ಸೂಚಕದಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಜಾಲಿಯ ತೊಗಟೆ, ಅಳಲೆಕಾಯಿಯಿಂದ ಹದಮಾಡಿದ ಚರ್ಮಕ್ಕೆ ಚರ್ಮದ ಎಳೆಯಿಂದಲೇ ಹೊಲಿಗೆ, ಮೊಳೆಯಿಲ್ಲ. ಉಂಗುಷ್ಠ ಹರಿದರೆ ಉಂಗುಷ್ಠವನ್ನಷ್ಟೇ ಬದಲಿಸಬಹುದು. ಇಂಥ ಕೆಲಸ ಬಲ್ಲವರನ್ನು ನಾವು ಊರ ಹೊರಗಿಟ್ಟೆವು, ಅವರ ಕಸುಬಿನ ಹೆಸರನ್ನು ಬೈಗುಳ ಮಾಡಿದೆವು. ವಚನಕಾರ ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಉಳಿಯೂ ಕತ್ತಿಯೂ ಇವೆ ಎಂಬುದನ್ನು ನೆನೆದಾಗ, ವೆಲ್ಟನ್ನು ಹೊಗಳುವ ನಾಲಿಗೆ ಅದನ್ನು ಹೊಲಿಯುವ ಕೈಗೆ ಮರ್ಯಾದೆ ಕೊಡದಿರುವುದು ನನ್ನನ್ನು ಬಹಳ ನೋಯಿಸುತ್ತದೆ.

ಬೂಟಿನ ಆರೈಕೆಗೆಂದು ಬೇಕಾದಷ್ಟು ಡಬ್ಬಿಗಳು ಮಾರಾಟಕ್ಕಿವೆ. ನಾನು ಕಂಡಂತೆ ಬೂಟು ಪಾಲಿಶ್ ಇಲ್ಲದೆ ಸಾಯುವುದು ಕಡಿಮೆ, ಒಣಗಿಸುವ ಅವಸರದಲ್ಲಿ ಸಾಯುವುದೇ ಹೆಚ್ಚು. ಒದ್ದೆ ಚರ್ಮವನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟರೆ ಕುಗ್ಗಿ ಬಿರುಸಾಗುತ್ತದೆ. ಆಮೇಲೆ ಎಷ್ಟು ಎಣ್ಣೆ ಕುಡಿಸಿದರೂ ಹಳೆಯ ಮೆದು ಬರುವುದಿಲ್ಲ. ಒಳಗೆ ಹಳೆಯ ಪತ್ರಿಕೆ ತುರುಕಿ, ನೆರಳಲ್ಲಿ ಗಾಳಿಗಿಟ್ಟು, ಒಂದು ದಿನ ಬಿಟ್ಟು ಹಾಕಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಬೂಷ್ಟು ಹಿಡಿಯುತ್ತದೆ. ಮನೆಯ ತೆಂಗಿನೆಣ್ಣೆ ಸುರಿದರೆ ಚರ್ಮ ಕಪ್ಪಾಗುತ್ತದೆ, ಮೇಲೆ ಪಾಲಿಶ್ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ತೆಳ್ಳಗೆ ಕ್ರೀಮು, ದಿನವೂ ಬ್ರಷ್ಷು.

ಅಂದು ಕೊನೆಯ ಹೊಲಿಗೆ ಬಿಗಿದು ಯಜಮಾನರು ದಾರ ಕತ್ತರಿಸಿದರು. ಅಂಚಿಗೆ ಮೇಣ ಉಜ್ಜಿ, ಬೂಟನ್ನು ಬೆಳಕಿಗೆ ಹಿಡಿದು ಪಟ್ಟಿಯ ಸುತ್ತ ಒಮ್ಮೆ ಬೆರಳಾಡಿಸಿದರು. ಹೋದ ಸಲ ನಾನು ತಡಮಾಡಿದ್ದರಿಂದ ಒಂದು ಕಡೆ ಪಟ್ಟಿ ತುಸು ಸವೆದಿತ್ತು. ಬೆರಳು ಅಲ್ಲಿ ನಿಂತಿತು.

"ಅಟ್ಟೆ ಸವೆದಾಗ್ಲೇ ತನ್ನಿ ಸಾರ್, ಇದನ್ನ ಮುಟ್ಟೋವರ್ಗೂ ಕಾಯ್ಬೇಡಿ. ಇವತ್ತು ನಾಳೆ ಹಾಕ್ಬೇಡಿ, ಅಂಟು ಇನ್ನೂ ಹಸಿ ಇದೆ."