ಹೊಂಗೆ ಮರದ ನಾಲ್ಕು ಫೋಟೋ

ತೀರ್ಪುಗಾರರಾಗಿ ಬನ್ನಿ ಎಂದು ಕರೆದರೆ ಉಪಾಧ್ಯಾಯಿನಿಯರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ರಂಗೋಲಿಗೂ ನಾವೇ, ಛದ್ಮವೇಷಕ್ಕೂ ನಾವೇ, ಭಾವಗೀತೆಗೂ ನಾವೇ. ಹಾಗಾಗಿ ಬಾಗಲಗುಂಟೆಯ ನಮ್ಮ ಬಡಾವಣೆಯವರು ರಾಜ್ಯೋತ್ಸವಕ್ಕೆಂದು ಫೋಟೋ ಸ್ಪರ್ಧೆ ಇಟ್ಟು, "ಮೇಡಂ, ನೀವು ಬರಲೇಬೇಕು" ಎಂದಾಗ, ಕ್ಯಾಮೆರಾದ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ ಎಂಬುದನ್ನೂ ಮರೆತು ಒಪ್ಪಿಕೊಂಡೆ. ಬೆಳಗಿನ ವಾಕಿಂಗಿನಲ್ಲಿ ಕಂಡ ಪ್ರಕೃತಿ ಎಂಬುದು ವಿಷಯ. ಒಬ್ಬರಿಗೆ ಒಂದೇ ಚಿತ್ರ ಎಂಬುದು ನಿಯಮ.

ಸಭಾಂಗಣದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಫೋಟೋಗಳನ್ನು ಸಿಕ್ಕಿಸಿದ್ದರು. ಅರವತ್ತಕ್ಕೂ ಹೆಚ್ಚು. ಹವ್ಯಾಸಿಗಳು ತೆಗೆದದ್ದೆಂದು ನಂಬಲು ಕಷ್ಟವಾಗುವಷ್ಟು ಚೆನ್ನಾಗಿದ್ದವು. ಸೂರ್ಯೋದಯಗಳೇ ಹದಿನೈದು ಇದ್ದಿರಬೇಕು. ಹುಲ್ಲಿನ ಮೇಲಿನ ಇಬ್ಬನಿ, ಜೇಡನ ಬಲೆಯ ಮೇಲಿನ ಇಬ್ಬನಿ, ದಾಸವಾಳದ ಮೇಲಿನ ಇಬ್ಬನಿ (ಅದು ಬಾಟಲಿಯಿಂದ ಚಿಮುಕಿಸಿದ ನೀರೆಂದು ನನಗೂ ಗೊತ್ತಾಯಿತು). ಒಂದು ಸುತ್ತು ನೋಡಿದೆ, ಸಂತೋಷವಾಯಿತು. ಎರಡನೆಯ ಸುತ್ತಿಗೆ ಏನೋ ಕಸಿವಿಸಿ. ಇವನ್ನೆಲ್ಲ ಎಲ್ಲಿ ತೆಗೆದರು? ಬಾಗಲಗುಂಟೆಯಲ್ಲೇ? ಹಾಗಾದರೆ ನಾನು ದಿನಾ ನಡೆಯುವ ರಸ್ತೆ ಎಲ್ಲಿ ಹೋಯಿತು?

ನಮ್ಮೂರನ್ನು ನೋಡದವರಿಗೆ ಎರಡು ಮಾತು. ಒಂದು ಕಡೆ ತುಮಕೂರು ರಸ್ತೆ, ಇನ್ನೊಂದು ಕಡೆ ಹೆಸರಘಟ್ಟ ರಸ್ತೆ, ಬೆನ್ನ ಹಿಂದೆ ಪೀಣ್ಯದ ಕಾರ್ಖಾನೆಗಳು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ನಾಗಸಂದ್ರದಿಂದ ಮಾದಾವರದ ತನಕ ಮುಂದುವರಿದು, ತಲೆಯ ಮೇಲೂ ಒಂದು ರಸ್ತೆಯಾಯಿತು. ಇಂಥ ಕಡೆ ಸೂರ್ಯ ಹುಟ್ಟಿದರೆ ನೀರಿನ ಟ್ಯಾಂಕು, ಕೇಬಲ್ಲು ತಂತಿ, ಯಾರದೋ ಮಹಡಿಯ ಸೀರೆ ಇವುಗಳ ನಡುವೆಯೇ ಹುಟ್ಟಬೇಕು. ಚಿತ್ರಗಳಲ್ಲಿ ಒಂದು ತಂತಿಯೂ ಇರಲಿಲ್ಲ. ಕೆಲವರು ಕ್ಯಾಮೆರಾವನ್ನು ಆಕಾಶಕ್ಕೆತ್ತಿ ತಪ್ಪಿಸಿದ್ದರು, ಕೆಲವರು ಆಮೇಲೆ ಮೊಬೈಲಿನಲ್ಲೇ ಒರೆಸಿದ್ದರು. ಮನೆಗೆ ನೆಂಟರು ಬರುವಾಗ ನಾವು ಹಳೆಯ ಪಾತ್ರೆ ಪಡಗವನ್ನೆಲ್ಲ ಮಂಚದ ಕೆಳಗೆ ತಳ್ಳುತ್ತೇವಲ್ಲ, ಹಾಗೆ.

ಸುಂದರವಾದದ್ದನ್ನು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಕೆರೆಯ ತುಂಬ ಹಬ್ಬಿದ ನೇರಳೆ ಹೂವಿನ ಚಿತ್ರವೊಂದಿತ್ತು ನೋಡಿ, ಎಲ್ಲರೂ ಅದರ ಮುಂದೆ ನಿಂತು "ಆಹಾ" ಎನ್ನುತ್ತಿದ್ದರು. ಅದು ದಕ್ಷಿಣ ಅಮೆರಿಕದಿಂದ ಬಂದ ನೀರುಕಳೆ. ಮನೆಗಳ ಕೊಳಚೆ ಸೇರಿದ ನೀರಿನಲ್ಲಿ ಅದಕ್ಕೆ ಸಮೃದ್ಧ ಗೊಬ್ಬರ ಸಿಗುತ್ತದೆ. ಚಾಪೆ ಹಾಸಿದಂತೆ ಮುಚ್ಚಿಕೊಂಡು ಕೆಳಗೆ ಬೆಳಕೂ ಗಾಳಿಯೂ ಇಲ್ಲದಂತೆ ಮಾಡುತ್ತದೆ, ಮೀನು ಸಾಯುತ್ತವೆ. ಕೊಳಚೆ ಬಂದು ಬೀಳುವ ಮೋರಿಯ ಬಾಯನ್ನು ಚೌಕಟ್ಟಿನ ಮೂಲೆಯಲ್ಲಿ ಉಳಿಸಿಕೊಂಡಿದ್ದರೆ ಅದೇ ಚಿತ್ರ ಬೇರೆಯೇ ಆಗುತ್ತಿತ್ತು. ತೆಗೆದವರು ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತಿದ್ದರು, ಅಷ್ಟೆ.

ಹೆಸರಘಟ್ಟದ ಹುಲ್ಲುಗಾವಲಿನದೂ ಇದೇ ಕತೆ. ಭಾನುವಾರ ಬೆಳಗ್ಗೆ ಒನಕೆಯಷ್ಟು ಉದ್ದದ ಲೆನ್ಸ್ ಹೊತ್ತವರ ಕಾರುಗಳು ನಮ್ಮ ಮುಂದೆಯೇ ಅಲ್ಲಿಗೆ ಹೋಗುತ್ತವೆ. ಚಳಿಗಾಲಕ್ಕೆ ದೂರದೇಶದಿಂದ ಬರುವ ಬೇಟೆ ಹಕ್ಕಿಗಳ ಒಂದೊಂದು ಗರಿಯೂ ಕಾಣುವಂಥ ಚಿತ್ರಗಳು ಬಂದಿವೆ. ಆ ಹಕ್ಕಿಗಳನ್ನು ಅಲ್ಲಿಗೆ ಕರೆಸಿದ ಹುಲ್ಲಿನ ಚಿತ್ರ ಎಷ್ಟು ಬಂದಿವೆ? ಮರವಿಲ್ಲದ ಜಾಗ ಎಂದರೆ ಪಾಳು ಜಾಗ ಎಂದೇ ನಮ್ಮ ಎಣಿಕೆ. ಅದನ್ನು ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾಪವನ್ನು 2021ರಲ್ಲಿ ತಳ್ಳಿಹಾಕಿದ್ದ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ. ಬಯಲಿಗಾಗಿ ಅಷ್ಟು ಕಾಲ ಓಡಾಡಿದವರಲ್ಲಿ ಹಕ್ಕಿ ನೋಡುವವರೂ ಇದ್ದರು, ಅವರಿಗೆ ಅನ್ಯಾಯ ಮಾಡಲಾರೆ. ನನ್ನ ದೂರು ಚಿತ್ರಗಳ ಮೇಲೆ. ಹಿನ್ನೆಲೆಯನ್ನು ಹಾಲಿನಂತೆ ಕಲಸಿ ಹಕ್ಕಿಯೊಂದನ್ನೇ ಎತ್ತಿ ತೋರಿಸಿದರೆ ಅದು ಹೆಸರಘಟ್ಟದ್ದೋ, ಇನ್ನೆಲ್ಲಿಯದೋ?

ಇಷ್ಟೆಲ್ಲ ವಿಮರ್ಶೆ ಈಗ ಹೇಳುತ್ತಿದ್ದೇನೆ. ಅಂದು ನಾನು ಮೊದಲ ಬಹುಮಾನ ಕೊಟ್ಟದ್ದು ಒಂದು ಮಿಂಚುಳ್ಳಿಗೆ. ಕೊಕ್ಕಿನಲ್ಲಿ ಮೀನು, ರೆಕ್ಕೆಯಲ್ಲಿ ನೀಲಿಯ ಹೊಳಪು, ಹನಿಗಳು ಮುತ್ತಿನಂತೆ ಗಾಳಿಯಲ್ಲಿ ನಿಂತಿವೆ. ಬಹುಮಾನ ತೆಗೆದುಕೊಂಡ ಹುಡುಗ ಹೆಮ್ಮೆಯಿಂದ ವಿವರಿಸಿದ: ಬೇಸಿನ್ನಿನಲ್ಲಿ ಮರಿಮೀನು ಬಿಟ್ಟು, ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು, ಮರೆಯಲ್ಲಿ ಕೂತಿದ್ದನಂತೆ. ಕೈತಟ್ಟಿದ್ದಾಗಿತ್ತು, ಹಾರ ಹಾಕಿದ್ದಾಗಿತ್ತು. ನಾನು ಮುಗುಳ್ನಕ್ಕು ಸುಮ್ಮನಾದೆ.

ಅದೇ ದಾರದ ಕೊನೆಯಲ್ಲಿ, ಕಿಟಕಿಯ ಬಿಸಿಲು ಬೀಳುವ ಕಡೆ, ಮದುವೆ ಕಾಗದದ ಹಿಂಬದಿಗೆ ಅಂಟಿಸಿದ ನಾಲ್ಕು ಚಿಕ್ಕ ಫೋಟೋಗಳಿದ್ದವು. ನಾಲ್ಕೂ ಒಂದೇ ಹೊಂಗೆ ಮರದವು, ಒಂದೇ ಕಡೆಯಿಂದ ತೆಗೆದವು. ಮೊದಲನೆಯದರಲ್ಲಿ ಎಲೆ ಉದುರಿ ಬೋಳು. ಎರಡನೆಯದರಲ್ಲಿ ಯುಗಾದಿಯ ಸುಮಾರಿನ ಎಳೆ ಹಸಿರು. ಮೂರನೆಯದರಲ್ಲಿ ನೆಲದ ಮೇಲೆ ಪುರಿ ಚೆಲ್ಲಿದಂತೆ ಹೂವು, ಕೆಳಗೆ ನಿಂತ ಆಟೋದ ಮೇಲೂ ಹೂವು, ಒಳಗೆ ಕಾಲು ಚಾಚಿ ಮಲಗಿದ ಡ್ರೈವರು. ನಾಲ್ಕನೆಯದರಲ್ಲಿ ಮರವಿಲ್ಲ; ರಾಜಕಾಲುವೆಯ ಹೊಸ ಗೋಡೆ, ಬುಡದ ಕೊರಡು. ಚಿತ್ರಗಾರಿಕೆ ಸಾಧಾರಣ. ಒಂದು ವಾಲಿತ್ತು, ಇನ್ನೊಂದರ ಮೂಲೆಯಲ್ಲಿ ಬೆರಳು ಬಿದ್ದಿತ್ತು. ತಂತಿಗಳಂತೂ ಬೇಕಾದಷ್ಟು. ನಾನು ಹಾಳೆಯಲ್ಲಿ ‘ನಿಯಮ ಉಲ್ಲಂಘನೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದಕ್ಕೆ ಹೋದೆ. ಮೂವತ್ತು ವರ್ಷ ಕಾಂಪೋಸಿಷನ್ ತಿದ್ದಿದ ಕೈ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಹೊಂಗೆಯ ಕೆಳಗೆ ನಾನೂ ಎಷ್ಟೋ ಸಲ ಚೀಲ ಇಳಿಸಿ ಸುಧಾರಿಸಿಕೊಂಡಿದ್ದೇನೆ. ಹೊಂಗೆಯ ನೆರಳು ತಾಯಿಯ ಮಡಿಲು ಎಂದು ಮಕ್ಕಳಿಗೆ ಪಾಠವನ್ನೂ ಹೇಳಿದ್ದೇನೆ. ಅದು ಹೋದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ! ಆ ಕಾಗದವನ್ನು ಕಂಡ ಮೇಲೂ ಮರ ಹೋದದ್ದು ತಟ್ಟಲಿಲ್ಲ, ನಿಯಮ ಮುರಿದದ್ದು ತಟ್ಟಿತು.

ಪೂರ್ಣಚಂದ್ರ ತೇಜಸ್ವಿಯವರನ್ನು ನಾವು ಕತೆ ಕಾದಂಬರಿಗಾಗಿ ಓದುತ್ತೇವೆ. ಅವರು ಮೂಡಿಗೆರೆಯ ತೋಟದ ಸುತ್ತ ಹಕ್ಕಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಕಾದವರು. ‘ಮಾಯೆಯ ಮುಖಗಳು’ ಪುಸ್ತಕವನ್ನು ಮತ್ತೆ ತೆಗೆದು ನೋಡಿದೆ. ರೀಲಿನ ಕಾಲದ ಹವ್ಯಾಸವದು: 36 ಚಿತ್ರ ಮುಗಿಸಿ, ತೊಳೆಸಿದ ಮೇಲೆ ತಾನೇ ಬಂದಿದೆಯೋ ಇಲ್ಲವೋ ತಿಳಿಯುವುದು! ಒಂದು ಮಾತು ಧೈರ್ಯ ಮಾಡಿ ಹೇಳಿಬಿಡುತ್ತೇನೆ. ಅವರ ಚಿತ್ರಗಳಲ್ಲೂ ಬಹುಪಾಲು ಹಕ್ಕಿಯೇ ತುಂಬಿಕೊಂಡಿರುತ್ತದೆ, ಮೂಡಿಗೆರೆ ಕಾಣುವುದಿಲ್ಲ. ಆ ಮಳೆ, ಆ ಜಿಗಣೆ, ಕಿವಿ ಎಂಬ ನಾಯಿ ಇವನ್ನೆಲ್ಲ ಕಾಣಬೇಕಾದರೆ ‘ಪರಿಸರದ ಕತೆ’ಗೇ ಹೋಗಬೇಕು. ಅವರಿಗೆ ಆ ಗದ್ಯವಿತ್ತು, ಆದ್ದರಿಂದ ಚಿತ್ರದಲ್ಲಿ ಬಿಟ್ಟದ್ದು ನಷ್ಟವಾಗಲಿಲ್ಲ. ಅವರನ್ನು ನೋಡಿ ಕ್ಯಾಮೆರಾ ಹಿಡಿದವರು ಹಕ್ಕಿಯನ್ನು ಮಾತ್ರ ಕಲಿತರು; ಒಂದೇ ತೋಟದಲ್ಲಿ ಕಾಯುವುದನ್ನು ಕಲಿತವರು ಕಡಿಮೆ.

ಟಿ.ಎಸ್. ಸತ್ಯನ್ ಅವರ ದಾರಿ ಬೇರೆ. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ವೃತ್ತಿಯಿಂದ ಪತ್ರಿಕಾ ಛಾಯಾಗ್ರಾಹಕರು, ಹವ್ಯಾಸಿಯಲ್ಲ. ಆದರೆ ಹೆಸರು ತಂದುಕೊಟ್ಟದ್ದು ಬೀದಿಯ ಮಕ್ಕಳು, ಕೆಲಸದ ಜನ, ದಿನದಿನದ ಬದುಕು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನವಾದವು. ಅವರ ಕಪ್ಪು ಬಿಳುಪು ಚಿತ್ರದಲ್ಲಿ ಗೋಡೆ ಗೋಡೆಯಾಗಿಯೇ ಇರುತ್ತದೆ, ಚರಂಡಿ ಚರಂಡಿಯಾಗಿಯೇ ಇರುತ್ತದೆ, ಮಗು ನಗುತ್ತಿರುತ್ತದೆ. ಯಾವುದನ್ನೂ ಮಂಚದ ಕೆಳಗೆ ತಳ್ಳಿಲ್ಲ. ಹೊಂಗೆಯ ಆ ಮೂರನೆಯ ಫೋಟೋದಲ್ಲಿ, ಆಟೋದಿಂದ ಹೊರಚಾಚಿದ ಆ ಎರಡು ಪಾದಗಳಲ್ಲಿ, ಸತ್ಯನ್ ಅವರಿಗೆ ಇಷ್ಟವಾಗುವಂಥದ್ದು ಇತ್ತೆಂದು ನನಗೆ ಅನ್ನಿಸುತ್ತದೆ. ತೆಗೆದಾಕೆ ಅವರ ಹೆಸರನ್ನೂ ಕೇಳಿರಲಾರಳು.

ಹೌದು, ತೆಗೆದದ್ದು ಒಬ್ಬ ಹೆಣ್ಣುಮಗಳು. ಇದನ್ನೂ ಹೇಳಬೇಕು. ಗಂಡಸು ರಸ್ತೆಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಕಲಾವಿದ. ನಾವು ಮೊಬೈಲು ಎತ್ತಿ ಖಾಲಿ ಜಾಗದ ಕಡೆ ಹಿಡಿದರೆ, "ಏನ್ ಮೇಡಂ, ಸೈಟ್ ನೋಡ್ತಾ ಇದೀರಾ?" ಎಂದು ಬ್ರೋಕರು ಬಂದು ನಿಲ್ಲುತ್ತಾನೆ, ನನಗೇ ಆಗಿದೆ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರವಾಲಾ ಅವರ ಮೊದಮೊದಲ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ನಮ್ಮ ಸ್ಪರ್ಧೆಯಲ್ಲೂ ಹೆಂಗಸರ ಚಿತ್ರಗಳು ಹೆಚ್ಚಾಗಿ ಸ್ವಂತ ಕಾಂಪೌಂಡಿನ ಹೂಗಳೇ. ಗೇಟಿನಾಚೆ ನಿಂತು ತೆಗೆಯಲು ಸಮಯವೂ ಬೇಕು, ಧೈರ್ಯವೂ ಬೇಕು.

ವಿಳಾಸ ಹುಡುಕಿಕೊಂಡು ಒಂದು ಭಾನುವಾರ ಆಕೆಯ ಮನೆಗೆ ಹೋದೆ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ, ದಿನಾ ಆ ಮರದ ಪಕ್ಕದಲ್ಲೇ ಹೋಗಬೇಕು. ಬಾಗಿಲಲ್ಲಿ ನನ್ನನ್ನು ಕಂಡು ಗಾಬರಿಯಾದಳು. ತಪ್ಪಾಯಿತಮ್ಮ ಎಂದೆ.

"ಅಯ್ಯೋ ಬಿಡಿ ಮೇಡಂ. ಒಂದೇ ಫೋಟೋ ಅಂತ ಬರೆದಿದ್ರು, ನಾನೇ ಓದಿರ್ಲಿಲ್ಲ."

"ನಾಲ್ಕರಲ್ಲಿ ಹೂವಿನದು ಚೆನ್ನಾಗಿತ್ತು. ಅದೊಂದನ್ನೇ ಕೊಡಬಹುದಿತ್ತಲ್ಲ?"

"ಅದೊಂದೇ ಕೊಟ್ಟಿದ್ರೆ ಮರ ಇನ್ನೂ ಐತೆ ಅಂದ್ಕೊಳ್ತಿದ್ರಿ."

ಕಾಫಿಗೆ ನೀರಿಟ್ಟು ಬಂದು ಮೊಬೈಲು ತೋರಿಸಿದಳು. ಮರ ಹೋದ ಮೇಲೂ ಅದೇ ಜಾಗದಿಂದ ತೆಗೆಯುತ್ತಿದ್ದಾಳೆ, ಅಭ್ಯಾಸವಾಗಿಬಿಟ್ಟಿದೆಯಂತೆ. ಕೊನೆಯದು ಹಿಂದಿನ ವಾರದ್ದು. ಗೋಡೆಗೆ ಸುಣ್ಣ ಬಳಿದಿದ್ದಾರೆ. ಅದೇ ಆಟೋ ಅಲ್ಲೇ ನಿಂತಿದೆ. ಡ್ರೈವರು ಎಲ್ಲಿಂದಲೋ ಒಂದು ಹರಿದ ದೊಡ್ಡ ಛತ್ರಿ ತಂದು ಆಟೋದ ಕಂಬಿಗೆ ಕಟ್ಟಿಕೊಂಡು, ಅದರ ನೆರಳಿನಲ್ಲಿ ಕಾಲು ಮಡಿಚಿ ಕೂತಿದ್ದಾನೆ.