ಸೋತವರ ಅಳಲಿಗೆ ಕಿವಿಗೊಟ್ಟ ಕನ್ನಡ



ಐರೋಪ್ಯ ನವೋದಯದ ಮಹಾವಿದ್ವಾಂಸರಾದ ಎರಾಸ್ಮಸ್ 1506ರಲ್ಲಿ ಯೂರಿಪಿಡೀಸನ ಎರಡು ಗ್ರೀಕ್ ನಾಟಕಗಳನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ಬಳಿಕ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನೇ ಅಚ್ಚಿಗೆ ಸಿದ್ಧಗೊಳಿಸಿದರು. ಅನ್ಯರ ಕಾವ್ಯವನ್ನು ಆಲಿಸಿ ಪಳಗಿದ ಕಿವಿಯೇ ಶುಭಸಂದೇಶವನ್ನೂ ಆಲಿಸಿತು. ನಮ್ಮ ನವೋದಯದಲ್ಲಿ ಗ್ರೀಕ್ ರುದ್ರನಾಟಕಕ್ಕೆ ಕನ್ನಡದ ಬಾಗಿಲು ತೆರೆದವರು ಆಚಾರ್ಯ ಬಿ.ಎಂ.ಶ್ರೀಕಂಠಯ್ಯನವರು (1884–1946).

'ಶ್ರೀ'ಯವರ ಆಯ್ಕೆಯನ್ನು ಗಮನಿಸಿ. 1926ರಲ್ಲಿ ರನ್ನನ ಕಾವ್ಯದಿಂದ ರೂಪಿಸಿದ 'ಗದಾಯುದ್ಧ ನಾಟಕಂ' ದುರ್ಯೋಧನನ ದುರಂತ. 1929ರ 'ಅಶ್ವತ್ಥಾಮನ್' ಸೊಫೋಕ್ಲೀಸನ 'ಏಜಾಕ್ಸ್' ನಾಟಕದ ರೂಪಾಂತರ. 1935ರ 'ಪಾರಸಿಕರು' ಈಸ್ಕಿಲಸನ ನಾಟಕದ ಅನುವಾದ. ಮೂರರಲ್ಲಿಯೂ ಕವಿಯ ಕಣ್ಣು ನೆಟ್ಟಿರುವುದು ಸೋತವರ ಮೇಲೆ.

'ಅಶ್ವತ್ಥಾಮನ್' ಕೃತಿಯಲ್ಲಿ ಒಂದು ತೊಡಕಿದೆ. ಏಜಾಕ್ಸ್ ತನ್ನ ಖಡ್ಗಕ್ಕೆ ತಾನೇ ಬಲಿಯಾಗುವವನು. ಅಶ್ವತ್ಥಾಮನಾದರೋ ನಮ್ಮ ಪರಂಪರೆಯಲ್ಲಿ ಚಿರಂಜೀವಿ. ಸಾವಿಲ್ಲದೆ ಅಲೆಯುವುದೇ ಅವನ ಶಾಪ. ಗ್ರೀಕ್ ಕಥೆಯನ್ನು ಅನುಸರಿಸಿ ಅವನನ್ನು ಸಾಯಿಸಿದಾಗ, ಅದಕ್ಕಿಂತ ಘೋರವಾದ ಆ ದುರಂತ ಕೈತಪ್ಪಿಹೋಗುತ್ತದೆ. ಹಳಗನ್ನಡದ ಬಿಗಿಯೂ ಇಂದಿನ ಓದುಗರಿಗೆ ಸುಲಭವಲ್ಲ.

'ಪಾರಸಿಕರು' ಹಾಗಲ್ಲ. ಇಲ್ಲಿ ಪರಕೀಯರು ಪರಕೀಯರಾಗಿಯೇ ಬಂದು ನಮ್ಮ ನುಡಿಯಲ್ಲಿ ಅಳುತ್ತಾರೆ. ಈಸ್ಕಿಲಸನು ಮ್ಯಾರಥಾನ್ ರಣರಂಗದಲ್ಲಿ ಪರ್ಷಿಯನ್ನರ ವಿರುದ್ಧ ಸ್ವತಃ ಕಾದಾಡಿದ ಯೋಧ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ನೌಕಾಬಲ ಸಲಾಮಿಸ್‌ನಲ್ಲಿ ನುಚ್ಚುನೂರಾಯಿತು. ಎಂಟೇ ವರ್ಷಗಳಲ್ಲಿ ಆತ ಈ ನಾಟಕವನ್ನು ಅಥೆನ್ಸಿನ ಜನರ ಮುಂದಿಟ್ಟ. ಆದರೆ ಅದರಲ್ಲಿ ವಿಜಯೋತ್ಸವವಿಲ್ಲ. ಶತ್ರುವಿನ ಅರಮನೆಯಲ್ಲಿ ಮಗನ ಸುದ್ದಿಗಾಗಿ ಕಾದಿರುವ ರಾಜಮಾತೆಯಿದ್ದಾಳೆ. ಮಡಿದವರ ಹೆಸರುಗಳನ್ನು ಒಂದೊಂದಾಗಿ ಹೇಳುವ ದೂತನಿದ್ದಾನೆ. ಹರಿದ ಉಡುಪಿನಲ್ಲಿ ಮರಳುವ ದೊರೆಯಿದ್ದಾನೆ. ಅವನ ಅಹಂಕಾರವನ್ನು ಕವಿ ಮುಚ್ಚಿಡುವುದಿಲ್ಲ. ಆದರೂ ಗೆದ್ದವರ ಕಣ್ಣೆದುರು ಸೋತವರ ತಾಯಿಯನ್ನು ತಂದು ನಿಲ್ಲಿಸುತ್ತಾನೆ.

ಶತ್ರುವನ್ನು ಪ್ರೀತಿಸಬೇಕೆಂಬ ಪ್ರಭು ಯೇಸುವಿನ ಆಜ್ಞೆಗೆ ಈ ನಾಟಕ ಸಮವೆಂದು ನಾನು ಹೇಳಲಾರೆ. ಆದರೆ ಶತ್ರುವಿನ ಮನೆಯಲ್ಲಿಯೂ ಒಬ್ಬ ತಾಯಿ ಅಳುತ್ತಿದ್ದಾಳೆಂದು ಅರಿಯದೆ ಆ ಆಜ್ಞೆಯನ್ನು ಪಾಲಿಸುವುದಾದರೂ ಹೇಗೆ? 'ಶ್ರೀ'ಯವರ ಈ ಅನುವಾದದ ಹಿರಿಮೆ ಇರುವುದು ಇಲ್ಲಿಯೇ.

ಕೆಂಪಾಪುರದ ನಮ್ಮ ಬೀದಿಗಳಲ್ಲಿ ಹಲವು ನುಡಿಗಳ, ಹಲವು ಊರುಗಳ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿವೆ, ಮನಸ್ತಾಪಗಳೂ ಇಲ್ಲದಿಲ್ಲ. ಗ್ರಂಥಾಲಯದಲ್ಲಿ 'ಪಾರಸಿಕರು' ದೊರೆತರೆ ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಗಟ್ಟಿಯಾಗಿ ಓದಿ. ಆಮೇಲೆ ಜಪಸರ ಹಿಡಿಯುವಾಗ, ನೀವು ಮಾತು ಬಿಟ್ಟಿರುವ ಆ ಮನೆಯವರ ಹೆಸರನ್ನೂ ಒಮ್ಮೆ ಹೇಳಿ.