ಮರವಂತೆ ಬಿಡಿ, ಮಟ್ಟುವಿಗೆ ಹೋಗಿ

ಎಲೆಕ್ಟ್ರಿಕ್ ಬೈಕ್ ಹತ್ತಿ ಕರಾವಳಿ ನೋಡಲು ಹೊರಟವರಿಗೆ ಉಡುಪಿಯಲ್ಲಿ ಮೊದಲು ಸಿಗುವ ಸಲಹೆ ಮರವಂತೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಆ ನೋಟದ ಸೆಳೆತ ಸಣ್ಣದಲ್ಲ. ಆದರೆ ಆ ರಸ್ತೆ ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66. ಸುಮಾರು 55 ಕಿ.ಮೀ. ಓಡಿದ ಮೇಲೆ ಕಡಲು ರಸ್ತೆಗೆ ತಾಗಿ ಸಿಗುವುದು ಸ್ವಲ್ಪ ದೂರ ಮಾತ್ರ. ಅಲ್ಲಿಯವರೆಗೆ ಸವಾರನ ಕಣ್ಣೆಲ್ಲ ಕನ್ನಡಿಯ ಮೇಲೆ, ಹಿಂದೆ ಬರುವ ಲಾರಿಯ ಮೇಲೆ. ಇದನ್ನು ಕಡಲ ಸವಾರಿ ಎಂದು ಒಪ್ಪಲು ನನಗೆ ಮನಸ್ಸಿಲ್ಲ.

ಬ್ಯಾಟರಿಗೂ ಅದು ಒಗ್ಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಲ್ಲಿ ಹೋಗುತ್ತಿದ್ದವರು 60ಕ್ಕೆ ಏರಿಸಿದರೆ ತಡೆ ಎರಡೂಕಾಲು ಪಟ್ಟು. ಹೆದ್ದಾರಿಯಲ್ಲಿ ನಿಧಾನಿಸಿದರೆ ಅಪಾಯ, ವೇಗ ಹಿಡಿದರೆ ಚಾರ್ಜ್ ಕರಗುತ್ತದೆ. ಕಂಪನಿಯವರು ಹೇಳುವ ಮೈಲೇಜು ಇಲ್ಲಿ ಸಿಗದಿರುವುದಕ್ಕೆ ಅರ್ಧ ಕಾರಣ ಇದೇ.

ಈ ಬೈಕಿಗೆ ಹೇಳಿ ಮಾಡಿಸಿದ ದಾರಿ ಹೆದ್ದಾರಿಯ ಪಶ್ಚಿಮಕ್ಕಿದೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಬಳಿಯಿಂದ ಕೈಪುಂಜಾಲು, ಮಟ್ಟು, ಪಡುಕೆರೆ ದಾಟಿ, ಸೇತುವೆ ಹತ್ತಿ ಮಲ್ಪೆ. ಅಲ್ಲಿಂದ ಹೂಡೆಯ ಮೂಲಕ ಕೋಡಿ ಬೆಂಗ್ರೆ, ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಅಳಿವೆಯವರೆಗೆ. ಹೋಗಿ ಬಂದರೂ 60 ಕಿ.ಮೀ. ಆಸುಪಾಸು. ಮಟ್ಟುವಿನಿಂದ ಪಡುಕೆರೆಯವರೆಗೆ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಹೊಳೆ. ಮರವಂತೆಯಲ್ಲಿ ಹುಡುಕಿಕೊಂಡು ಹೋದದ್ದು ಇಲ್ಲಿ ಲಾರಿಯ ಕಾಟವಿಲ್ಲದೆ ಸಿಗುತ್ತದೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ಗುಳ್ಳ ಬದನೆಯ ಊರು ಇದೇ ಮಟ್ಟು. ಕೈರಂಪಣಿ ಬಲೆ ಎಳೆಯುವ ದಿನ ಜನ ಸಾಲಾಗಿ ಹಗ್ಗ ಹಿಡಿದು ಕೂಗುವ ಕೂಗು ಬೈಕಿನ ಮೇಲೆ ಕೂತಲ್ಲಿಗೇ ಕೇಳುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇದೇ ದಾರಿ ಹೋದರೆ ಕಡಲು ಕಾಣುತ್ತದೆ, ಕೇಳುವುದಿಲ್ಲ. ಎಲೆಕ್ಟ್ರಿಕ್ ಬೈಕಿನ ಪರವಾಗಿ ಇದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ.

ಬಾಡಿಗೆಗೆ ಕೊಡುವವರು ಕಿಲೋಮೀಟರ್ ಲೆಕ್ಕ ಹೇಳುತ್ತಾರೆ, ಗಾಳಿಯ ಲೆಕ್ಕ ಹೇಳುವುದಿಲ್ಲ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಬೆಳಗ್ಗೆ ನೆಲದ ಕಡೆಯಿಂದ ತೆಳುವಾದ ಗಾಳಿ. ಮಧ್ಯಾಹ್ನ ಕಳೆದಂತೆ ವಾಯವ್ಯದಿಂದ ಕಡಲಗಾಳಿ ಜೋರಾಗುತ್ತದೆ. ಎದುರಿನಿಂದ ಗಂಟೆಗೆ 20 ಕಿ.ಮೀ. ಗಾಳಿ ಬಂದರೆ 40ರಲ್ಲಿ ಹೋಗುವವರ ಬ್ಯಾಟರಿಯೂ 60ರ ತಡೆಯನ್ನೇ ಎದುರಿಸಬೇಕು. ಹಾಗಾಗಿ ಮಲ್ಪೆಯಿಂದ ಹೊರಟು ಕಾಪುವಿಗೆ ಹೋಗಿ ಸಂಜೆ ಮರಳುವ ಜನಪ್ರಿಯ ಕ್ರಮ ತಲೆಕೆಳಗು. ಬೆಳಗ್ಗೆ ಕಾಪುವಿನಿಂದ ಬಡಗಣಕ್ಕೆ ಹೊರಡಬೇಕು. ಮರಳುವಾಗ, ಚಾರ್ಜ್ ಇಳಿದಿರುವ ಹೊತ್ತಿಗೆ, ಗಾಳಿ ಬೆನ್ನಿಗೆ ಬರುತ್ತದೆ.

ಕೊರತೆಗಳೂ ಇವೆ. ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಗೋಡೆ ಕೆಲವೆಡೆ ನೀರನ್ನೇ ಮರೆಮಾಡಿದೆ. ದಡದ ಮನೆಗಳ ಕಷ್ಟ ನೋಡಿದವರು ಅದನ್ನು ದೂರಲಾರರು. ಉಪ್ಪುಗಾಳಿ ಚಾರ್ಜಿಂಗ್ ಪಿನ್ನಿಗೂ ಬೋಲ್ಟಿಗೂ ಶತ್ರು, ಮನೆಗೆ ಬಂದೊಡನೆ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ತುಕ್ಕು ಹಿಡಿಯುವುದು ಖಂಡಿತ. ಮಳೆಗಾಲದಲ್ಲಿ ಈ ದಾರಿಯ ಆಸೆಯನ್ನೇ ಬಿಡಬೇಕು, ಅಲೆ ರಸ್ತೆಯನ್ನೇ ಕಿತ್ತುಕೊಂಡು ಹೋಗುವುದುಂಟು.

ನನಗೆ ಹೆಚ್ಚು ಚಿಂತೆಯಾಗುವುದು ನಾನು ಹೊಗಳಿದ ಆ ಸದ್ದಿಲ್ಲದ ಗುಣದ ಬಗ್ಗೆಯೇ. ಇಲ್ಲಿ ರಸ್ತೆಯೇ ಮನೆಯಂಗಳ. ಅಂಚಿನಲ್ಲಿ ಬಲೆ ಹೆಣೆಯುವವರು, ಮೀನು ಒಣಗಿಸುವ ಅಜ್ಜಿಯರು, ಚೆಂಡಿನ ಹಿಂದೆ ಓಡುವ ಮಕ್ಕಳು. ಬೈಕ್ ಬಂದದ್ದು ಅವರಿಗೆ ಗೊತ್ತಾಗುವುದಿಲ್ಲ, ಹಾರ್ನ್ ಹೊಡೆದರೆ ಅವರ ಅಂಗಳದಲ್ಲಿ ನಿಂತು ಅವರನ್ನೇ ಗದರಿಸಿದಂತೆ. ಮನೆಗಳ ನಡುವೆ ಸೈಕಲ್ಲಿನ ವೇಗಕ್ಕೆ ಇಳಿಯುವ ತಾಳ್ಮೆ ಇಲ್ಲದವರಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.